ಜಗಳೂರಿನ ಕಾಗದದ ತೆಂಗಿನ ತೋಟ

ನಮ್ಮ ಸೋದರಮಾವ ಜಗಳೂರಿನಲ್ಲಿ ತೆಂಗಿನ ತೋಟ ಮಾಡಿದ್ದರು ಎಂದರೆ ನೀವು ನಂಬುವುದಿಲ್ಲ. ಅದೂ ಒಂದು ಕೊಡ ನೀರು ಹಾಕದೆ, ಒಂದು ಗುಂಡಿ ತೋಡದೆ, ಒಂದೇ ಬೇಸಿಗೆಯಲ್ಲಿ! ನೀರು ಹಾಕಿದ್ದರೆ ತೋಟವೇ ಕೈಬಿಟ್ಟು ಹೋಗುತ್ತಿತ್ತು ಎನ್ನುವುದು ಬೇರೆ ಮಾತು. ಏಕೆಂದರೆ ಅವೆಲ್ಲ ಕಾಗದದ ಮರಗಳು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಊಟಕ್ಕೆಂದು ತಂದ ಕಾಗದದ ತಟ್ಟೆಗಳ ಮರಗಳು.

ಮಾವ ಗೋವಿನಕೋವಿಯ ಕಡೆ ಹುಟ್ಟಿ ಬೆಳೆದವರು. ಹೊಳೆ, ಗದ್ದೆ, ತೆಂಗು ನೋಡಿಕೊಂಡು ದೊಡ್ಡವರಾದವರು. ಹೊಟ್ಟೆಪಾಡು ಅವರನ್ನು ಜಗಳೂರಿಗೆ ತಂದು ಬಿಟ್ಟಿತ್ತು. ಅಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದರು. ಮದುವೆ, ಮುಂಜಿ, ತಿಥಿ ಎಲ್ಲಕ್ಕೂ ಶಾಮಿಯಾನ, ಕುರ್ಚಿ, ಪಾತ್ರೆ, ಮೈಕು ಬಾಡಿಗೆಗೆ ಕೊಡುವುದು ಅವರ ಕೆಲಸ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾವಣಗೆರೆಗೆ ಹೋದ ಮಾವ ಯಾವುದೋ ಮದುವೆಯಲ್ಲಿ ಕಾಗದದ ತಟ್ಟೆಯಲ್ಲಿ ಉಪ್ಪಿಟ್ಟು ತಿಂದು, ಉಪ್ಪಿಟ್ಟು ಮರೆತು ತಟ್ಟೆಗೆ ಮರುಳಾಗಿಬಿಟ್ಟರು. ಮರುದಿನವೇ ಬಸ್ಸಿನ ಮೇಲೆ ಕಟ್ಟು ಕಟ್ಟು ತಟ್ಟೆ ಹೇರಿಕೊಂಡು ಬಂದರು.

"ಇನ್ನು ಮ್ಯಾಲೆ ಯಾರೂ ಎಲೆ ಹಚ್ಚಂಗಿಲ್ಲ. ಉಂಡ್ರು, ಬಿಸಾಕಿದ್ರು, ಮುಗೀತು!" ಎಂದು ಅಂಗಡಿಯ ಮುಂದೆ ನಿಂತು ಘೋಷಿಸಿದರು.

ಮೊದಲು ನೋಡಲು ಬಂದ ಹಿರಿಯರೊಬ್ಬರು ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿ, "ಕಾಗದ ಇಟ್ಕಂಡು ಉಣ್ಣಾಕೆ ನಾವೇನು ಕತ್ತೆಗಳೇನಪ್ಪ?" ಎಂದರು. ಅಲ್ಲಿಗೆ ಮಾವನ ವ್ಯಾಪಾರ ಮುಗಿಯಿತು! ಊರಿಗೆ ಊರೇ ಆ ಮಾತನ್ನು ಹಿಡಿದುಕೊಂಡಿತು. ಯಾವ ಬೀಗರು ತಾನೇ ಕತ್ತೆ ಅನ್ನಿಸಿಕೊಳ್ಳಲು ಒಪ್ಪುತ್ತಾರೆ? ತಟ್ಟೆಗಳು ಗೋದಾಮಿನಲ್ಲಿ ಸೂರು ಮುಟ್ಟುವಂತೆ ಕೂತವು.

ಅದೇ ಹೊತ್ತಿಗೆ ಸರಿಯಾಗಿ ನಾನು ಜಗಳೂರಿಗೆ ಬಂದೆ. ಹೊನ್ನಾಳಿಯ ಹುಡುಗಿ ನಾನು. ಆಗಷ್ಟೇ ಬಾಲವಾಡಿ ಟೀಚರ್ ಕೆಲಸ ಸಿಕ್ಕಿತ್ತು. ಮಾವನ ಮನೆಯಲ್ಲೇ ಇರುವುದೆಂದು ನನ್ನ ಅವ್ವ ಗೊತ್ತು ಮಾಡಿದ್ದಳು. ನಾನು ಸೇರಿಕೊಂಡ ವಾರದಲ್ಲೇ ಬಾಲವಾಡಿಯ ಗೋಡೆ ಒಂದು ಕಡೆಯಿಂದ ಕುಸಿಯಿತು. ಮಕ್ಕಳೋ, ಗೋಡೆ ಇದ್ದಾಗಲೇ ನಿಲ್ಲದವರು. ಅವರವ್ವಂದಿರು ಶೇಂಗಾ ಬಿಡಿಸಲು ಹೋಗುವಾಗ ತಂದು ಬಿಟ್ಟರೆ, ಅವರು ಮರೆಯಾಗುವುದರೊಳಗೆ ಮಕ್ಕಳೂ ಮಾಯ! ನೋಡಲು ಬಂದ ಸೂಪರ್‌ವೈಸರ್ ಮೇಡಂ, "ಮಕ್ಕಳೇ ಇಲ್ಲ ಅಂದ್ರೆ ಬಾಲವಾಡಿ ಬೇರೆ ಊರಿಗೆ ಹೋಗ್ತದೆ, ನೋಡ್ಕೊಳ್ಳಿ" ಎಂದು ಹೇಳಿಹೋದರು. ನಾನು ಮನೆಗೆ ಬಂದು ಅತ್ತುಬಿಟ್ಟೆ.

ಮಾವ ಗಡ್ಡ ಕೆರೆದುಕೊಂಡರು. "ಅಳಬ್ಯಾಡ ಸುಮ್ಕಿರವ್ವಾ. ನಾಳಿಂದ ಮಕ್ಕಳನ್ನ ನಮ್ಮ ಅಂಗಳಕ್ಕೆ ಕರಕಂಬಾ. ಶಾಮಿಯಾನ ಹಾಕಿಸ್ತೀನಿ."

"ಶಾಮಿಯಾನ ಹಾಕಿದ್ರೆ ಮಕ್ಕಳು ನಿಲ್ತಾರಾ ಮಾವ?"

"ಮದುವೆ ಐತೆ ಅನ್ಕಂಡು ಬರ್ತಾರೆ. ಬಂದ ಮ್ಯಾಲೆ ನೋಡಾಣ!"

ಮಕ್ಕಳು ಬಂದೇ ಬಂದರು. ಲಾಡು ಎಲ್ಲಿ ಎಂದು ಕೇಳಿದರು. ಲಾಡು ಇರಲಿಲ್ಲ, ತಟ್ಟೆ ಇದ್ದವು. ಮಾವ ಒಂದು ತಟ್ಟೆ ತೆಗೆದುಕೊಂಡು ನಡುವೆ ಮಡಚಿ, ದರ್ಜಿಯ ಕತ್ತರಿಯಿಂದ ಅಂಚಿನುದ್ದಕ್ಕೂ ಸಣ್ಣಗೆ ಸೀಳಿದರು. ಬಿಚ್ಚಿ ಗಾಳಿಗೆ ಹಿಡಿದರು. ತಟ್ಟೆ ಥೇಟ್ ತೆಂಗಿನ ಗರಿಯ ಹಾಗೆ ತೊನೆಯಿತು! ಮಕ್ಕಳ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅಂದಿನಿಂದ ಅವರು ಓಡಿಹೋಗುವುದನ್ನು ಬಿಟ್ಟರು.

ಜೋಳದ ದಂಟು ಕಾಂಡವಾಯಿತು. ಅದಕ್ಕೆ ತಟ್ಟೆಯ ಪಟ್ಟಿಗಳನ್ನು ಮೈದಾ ಅಂಟಿನಿಂದ ಸುತ್ತುವುದು ಮಕ್ಕಳ ಕೆಲಸ. ಅಂಟು ಅರ್ಧ ಮರಕ್ಕೆ, ಅರ್ಧ ಹೊಟ್ಟೆಗೆ. ಆ ಅಂಟು ಕಾಸಿಕೊಡುತ್ತಿದ್ದವರು ನಮ್ಮ ಅತ್ತೆ. ಆದರೆ ಅವರು ಅಂಗಳಕ್ಕೆ ಬರುತ್ತಿರಲಿಲ್ಲ. ನಡುಮನೆಯ ಬಾಗಿಲು ಒಂದಿಷ್ಟು ತೆರೆಯುತ್ತಿತ್ತು, ಪಾತ್ರೆ ಹಿಡಿದ ಒಂದು ಕೈ ಹೊರಗೆ ಬರುತ್ತಿತ್ತು, ಮತ್ತೆ ಬಾಗಿಲು ಮುಚ್ಚುತ್ತಿತ್ತು. ಮಕ್ಕಳು ಅದನ್ನು "ಅಂಟಿನ ಕೈ" ಎಂದೇ ಕರೆಯುತ್ತಿದ್ದರು! ಒಮ್ಮೊಮ್ಮೆ ಒಳಗಿನಿಂದ ಧ್ವನಿ ಮಾತ್ರ ಬರುತ್ತಿತ್ತು. "ರೀ, ವಯಸ್ಸಾದ ಮ್ಯಾಲೆ ಇದೇನು ಹುಡುಗಾಟ ನಿಮ್ದು? ಅಂಗಡಿ ನೋಡ್ರಿ."

"ಅಂಗಡೀನೇ ಕತ್ತರಿಸ್ತಾ ಇದೀನಿ ಕಣೇ!" ಎನ್ನುತ್ತಿದ್ದರು ಮಾವ.

ಗರಿಗಳಿಗೆ ಬಣ್ಣ ಬೇಕಲ್ಲ? ಹಬ್ಬದಲ್ಲಿ ಎತ್ತಿನ ಕೊಂಬಿಗೆ ಬಳಿಯುವ ಬಣ್ಣ ಮಾವನಲ್ಲಿತ್ತು. ಹಸಿರು ಬೇಗ ಖಾಲಿಯಾಗಿ, ಉಳಿದದ್ದು ಕೆಂಪು. ಕುರಿ ಸಾಕುವವರ ಮನೆಯ ಗಂಗಿ ಎಂಬ ಪುಟ್ಟ ಹುಡುಗಿಯೊಬ್ಬಳಿದ್ದಳು. ಕೆದರಿದ ತಲೆ, ಉದ್ದನೆಯ ಲಂಗ, ಯಾವುದನ್ನೂ ಒಮ್ಮೆಲೇ ಒಪ್ಪದ ಸ್ವಭಾವ. ಅವಳು ಕೇಳಿದಳು, "ತಾತ, ತೆಂಗಿನ ಮರ ಕೆಂಪಗೆ ಇರ್ತೈತಾ?"

ಮಾವ ಒಂದು ಕ್ಷಣವೂ ತಡವರಿಸಲಿಲ್ಲ. "ಸಂಜಿ ಹೊತ್ನಾಗೆ ಇರ್ತೈತೆ. ಹೊತ್ತು ಮುಳುಗಾಗ ನೋಡೀಯೇನು?"

ಗಂಗಿ ನೋಡಿರಲಿಲ್ಲ. ಹಾಗಾಗಿ ಒಪ್ಪಿದಳು. ಅಲ್ಲಿಂದಾಚೆ ನಮ್ಮ ತೋಟದಲ್ಲಿ ಬೆಳಗಿನ ಮರ, ಸಂಜೆಯ ಮರ ಎಂದು ಎರಡು ಜಾತಿ!

ಕಾಯಿ ಬೇಕೆಂದು ಶೇಂಗಾ ಗೊಂಚಲು ಕಟ್ಟಿದೆವು. ಎಷ್ಟು ಚೆಂದ ಕಾಣುತ್ತಿದ್ದವು! ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಮರದಲ್ಲೂ ಕಾಯಿ ಇಲ್ಲ. ಎಲ್ಲರ ಬಾಯಿಯೂ ಆಡುತ್ತಿತ್ತು. "ಯಾರು ಕಿತ್ತಿದ್ದು?" ಎಂದು ಗದರಿದೆ. ಗಂಗಿಯೇ ಎದ್ದು ನಿಂತು, "ಬಲಿತಿದ್ವು ಅಕ್ಕೋರೆ, ಉದುರಿಬಿಡ್ತಿದ್ವು" ಎಂದಳು. ರೈತರ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಇದೆಯೇ? ಮರುದಿನ ಅವಳ ಹಿಂದೆಯೇ ಬಂದ ಕುರಿಮರಿಯೊಂದು ಒಂದಿಡೀ ಮರವನ್ನೇ ತಿಂದು ಹಾಕಿತು. ಮಾವನಿಗೆ ಸಿಟ್ಟೇ ಬರಲಿಲ್ಲ. "ನೋಡವ್ವಾ, ಕುರಿಗೂ ಗೊತ್ತಾಗಲಿಲ್ಲ ಇದು ಕಾಗದ ಅಂತ. ಮನುಷ್ಯರೇನು ಮಹಾ!" ಎಂದು ಬೀಗಿದರು.

ಮಧ್ಯಾಹ್ನಗಳನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ. ಶಾಮಿಯಾನದ ಕೆಳಗೆ ಕೆಂಪು, ಹಳದಿ ಬೆಳಕು. ನಾಲ್ಕೂ ಕಡೆ ಕಾಗದದ ತೆಂಗುಗಳು. ಬಿಸಿಗಾಳಿ ಬೀಸಿದರೂ ಸಾಕು, ಗರಿಗಳೆಲ್ಲ ಸುಳಸುಳನೆ ಸದ್ದು ಮಾಡುತ್ತಿದ್ದವು. ಮಕ್ಕಳು ಮರಗಳ ನಡುವೆ ಜಮಖಾನದ ಮೇಲೆ ಮಲಗುತ್ತಿದ್ದರು. ಮಾವ ನಡುವೆ ಕೂತು, ಉಳಿದ ತಟ್ಟೆಯೊಂದರಿಂದ ಗಾಳಿ ಹಾಕುತ್ತಾ ಹೇಳುತ್ತಿದ್ದರು.

"ಕಣ್ಣು ಮುಚ್ಚರಿ. ಈಗ ಹೊಳೆ ಬಂತು. ನೀರು ಹೆಂಗೈತೆ? ತಣ್ಣಗೈತೆ. ಕಾಲು ಇಳಿಬಿಡ್ರಿ. ಮೀನು ಬಂದು ಕಚಗುಳಿ ಇಡ್ತಾವೆ, ನಗಬ್ಯಾಡ್ರಿ, ಓಡಿಹೋಗ್ತಾವೆ. ಆಚೆ ದಂಡೆಯಿಂದ ಗಾಳಿ ಹೊಂಟೈತೆ. ತೆಂಗಿನ ಗರಿ ಮುಟ್ಟಿ ಬರ್ತೈತೆ. ಬಂತು... ಬಂತು..."

ಹೊಳೆಯನ್ನೇ ಕಂಡಿರದ ಮಕ್ಕಳು ನಿದ್ದೆಯಲ್ಲೇ ಕಾಲು ಮಡಚಿಕೊಳ್ಳುತ್ತಿದ್ದರು. ಹೊಳೆಯ ಪಕ್ಕದಲ್ಲೇ ಬೆಳೆದ ನನಗೂ ಅದು ನಮ್ಮ ಹೊನ್ನಾಳಿಯ ಹೊಳೆಗಿಂತ ತಣ್ಣಗೆ ಅನ್ನಿಸುತ್ತಿತ್ತು. ಒಂದು ದಿನ ಮೈಕ್ ಸೆಟ್ಟು ರಿಪೇರಿ ಮಾಡಿದ ಹುಮ್ಮಸ್ಸಿನಲ್ಲಿ ಮಾವ ಮೈಕಿನಲ್ಲೇ ಹೊಳೆ ಹರಿಸಿದರು. ಸೂರಿನ ಮೇಲಿನ ಹಾರ್ನ್ ತೆಗೆಯುವುದನ್ನು ಮರೆತಿದ್ದರು! "ಕಣ್ಣು ಮುಚ್ಚರಿ" ಎಂಬ ಅಪ್ಪಣೆ ಇಡೀ ಬೀದಿಗೆ ಹೋಯಿತು. ಕಿರಾಣಿ ಅಂಗಡಿಯವನು ಬೇಳೆ ತೂಗುತ್ತಾ ತೂಗುತ್ತಾ ತೂಕಡಿಸಿದನಂತೆ. ಬಸ್ಸಿಗೆ ಕಾದಿದ್ದವರು ಬಸ್ಸು ಬಂದು ಹೋದರೂ ಎದ್ದಿರಲಿಲ್ಲವಂತೆ. ಇದನ್ನು ಹೇಳಿದ್ದು ಮಾವನೇ. ಅರ್ಧ ಕಳೆದು ನಂಬಬಹುದು.

ಇಂಥದ್ದೇ ಒಂದು ಮಧ್ಯಾಹ್ನ ಸೂಪರ್‌ವೈಸರ್ ಮೇಡಂ ಮತ್ತೆ ಬಂದರು. ಮಕ್ಕಳೆಲ್ಲ ನಿದ್ದೆ. ಹೇಳಲು ನಾಚಿಕೆ, ಟೀಚರೂ ನಿದ್ದೆ! ಕಣ್ಣು ಬಿಟ್ಟಾಗ ಮೇಡಂ ಶಾಮಿಯಾನದ ಬಾಯಲ್ಲಿ ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಮಾವ ಮಾತ್ರ ಕಣ್ಣು ಮುಚ್ಚಿಕೊಂಡೇ, ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು, "ಶ್... ಹೊಳೆ ದಾಟ್ತಾ ಇದೀವಿ. ಚಪ್ಪಲಿ ಕೈಯಾಗೆ ಹಿಡ್ಕಳ್ರಿ."

ಮೇಡಂ ಏನು ಮಾಡಿದರು ಅಂತೀರಿ? ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು! ಮೆಲ್ಲಗೆ ಬಂದು ಒಂದು ಮರದ ಕೆಳಗೆ ಕೂತರು. ಬಿಸಿಲಲ್ಲಿ ಬಸ್ಸು ಬದಲಿಸಿ ಬದಲಿಸಿ ಬಂದ ಜೀವ. ಸ್ವಲ್ಪ ಹೊತ್ತಿಗೆ ಅವರ ತಲೆಯೂ ವಾಲಿತು. ಎದ್ದು ಹೋಗುವಾಗ, "ಇಷ್ಟು ಮಕ್ಕಳನ್ನ ನಾನು ಯಾವ ಬಾಲವಾಡಿಯಲ್ಲೂ ನೋಡಿಲ್ಲ ರೀ" ಎಂದರು. ಬಾಲವಾಡಿ ಉಳಿಯಿತು. ಒಂದು ಸಂಜೆಯ ಮರವನ್ನೂ ಕೇಳಿ ಪಡೆದುಕೊಂಡು ಹೋದರು.

ಮರ ಸಾಗಿಸುವುದೆಂದರೆ ಸುಲಭವಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ರಜೆಗೆ ಊರಿಗೆ ಹೊರಟಾಗ ಮಾವ ತಂಗಿಗೆ, ಎಂದರೆ ನಮ್ಮವ್ವನಿಗೆ, ಒಂದು ಮರ ಕೊಡಲೇಬೇಕೆಂದು ತಾವೂ ಹೊರಟರು. ಬಸ್ಸಿನಲ್ಲಿ ಮರಕ್ಕೆ ಕಿಟಕಿ ಪಕ್ಕದ ಸೀಟು. ಕಂಡಕ್ಟರ್ ಬಂದು, "ಯಜಮಾನ್ರೆ, ಏನಿದು?" ಎಂದ.

"ತೆಂಗಿನ ಮರ."

"ಸೀಟು ಹಿಡಿದೈತಲ್ರೀ! ಇದಕ್ಕೂ ಟಿಕೆಟ್ ತಗಬೇಕು."

"ತಗಳ್ತೀನಿ. ಆದ್ರೆ ಅರ್ಧ ಟಿಕೆಟ್ ಕೊಡ್ರಿ. ಇನ್ನೂ ಕಾಯಿ ಬಿಟ್ಟಿಲ್ಲ, ಎಳೇದು."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಮರದ ಗರಿ ಮುಟ್ಟಿ ನೋಡಿ, ಟಿಕೆಟ್ ಹರಿಯದೆ ಮುಂದೆ ಹೋದ. ಹೊನ್ನಾಳಿಯಲ್ಲಿ ಅವ್ವ ಮರವನ್ನೂ ಅಣ್ಣನನ್ನೂ ಮೇಲಿನಿಂದ ಕೆಳಗಿನ ತನಕ ನೋಡಿದಳು. "ಅಣ್ಣಾ, ಹಿತ್ತಿಲಾಗೆ ನಿಜವಾದ ಮರ ಐತೆ, ಕಾಣ್ಸಲ್ಲೇನು?" ಎಂದಳು. ಮಾವ, "ಐತೆ. ಆದ್ರೆ ಅದನ್ನ ಮಡಚಿ ಇಡಾಕೆ ಬರ್ತೈತಾ?" ಎಂದು ಕೇಳಿದರು.

ಆಮೇಲೆ ಮಳೆ ಬಂತು.

ಜಗಳೂರಿಗೆ ಮಳೆ ಬಂದರೆ ಅದೇ ಹಬ್ಬ. ಆದರೆ ಅದು ಬಂದ ರೀತಿ ನೋಡಿ! ಮಕ್ಕಳು ಮಲಗಿದ್ದ ಹೊತ್ತು. ಮೊದಲು ಗಾಳಿ ಎದ್ದು ಶಾಮಿಯಾನದ ಒಂದು ಮೂಲೆಯನ್ನು ಕಿತ್ತಿತು. ಹಿಂದೆಯೇ ದಪ್ಪ ದಪ್ಪ ಹನಿ. ಬೀದಿಯವರೆಲ್ಲ ಹೊರಗೆ ಬಂದು ಕುಣಿಯುತ್ತಿದ್ದರೆ ನಮ್ಮ ಅಂಗಳದಲ್ಲಿ ಗೋಳು. ಗರಿಗಳು ಮೊದಲು ಬಾಗಿದವು, ಆಮೇಲೆ ಮೆತ್ತಗಾಗಿ ಒಂದೊಂದೇ ಕಳಚಿ ಬಿದ್ದವು. ಬೆಳಗಿನ ಮರದ ಹಸಿರೂ ಸಂಜೆಯ ಮರದ ಕೆಂಪೂ ಕೂಡಿ ಅಂಗಳದ ತುಂಬ ಹರಿದವು. "ತಾತ, ಹೊಳೆ ಬಂತು!" ಎಂದು ಕೂಗಿದ ಮಗುವೇ ಮರುಕ್ಷಣ ತನ್ನ ಮರ ಬಿದ್ದದ್ದು ಕಂಡು ಅಳತೊಡಗಿತು. ನಾನು ಒಂದು ಕೈಯಲ್ಲಿ ಮಕ್ಕಳನ್ನು, ಇನ್ನೊಂದು ಕೈಯಲ್ಲಿ ಜಮಖಾನವನ್ನು ಎಳೆಯುತ್ತಾ ಒದ್ದಾಡುತ್ತಿದ್ದೆ. ಜಗಲಿಯೂ ಸೋರುತ್ತಿತ್ತು. ಎಲ್ಲಿಗೆ ಹೋಗುವುದು?

ಆಗ ನಡುಮನೆಯ ಬಾಗಿಲು ತೆರೆಯಿತು. ಎರಡೂ ಕದ, ಪೂರ್ತಿಯಾಗಿ.

ಇಲ್ಲಿಯವರೆಗೆ ನಾನು ನಿಮಗೆ ಒಂದು ಮಾತು ಹೇಳಿಲ್ಲ. ನಾನು ಜಗಳೂರಿಗೆ ಹೊರಟ ದಿನ ಅವ್ವ ಹೇಳಿದ್ದಳು. ಮಾವ ಅತ್ತೆ ಇಬ್ಬರಿಗೂ ಒಬ್ಬಳೇ ಮಗಳಿದ್ದಳಂತೆ. ನಾನಿನ್ನೂ ತೊಟ್ಟಿಲಲ್ಲಿದ್ದಾಗ, ಬಾಲವಾಡಿಗೆ ಹೋಗುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಳಂತೆ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಅತ್ತೆ ಯಾರ ಮನೆಯ ಮಗುವನ್ನೂ ಎತ್ತಿಕೊಳ್ಳುವುದಿಲ್ಲ, ಆ ಮಾತು ಅವರೆದುರು ಎತ್ತಬೇಡ ಎಂದು ಅವ್ವ ಎಚ್ಚರಿಸಿದ್ದಳು. ನಾನು ಎತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಅತ್ತೆ, "ಹಂಗೇ ನಿಂತ್ರೆ ಹೆಂಗೆ? ಥಂಡಿ ಆಗ್ತೈತೆ, ಒಳಗೆ ಬರ್ರಿ ಎಲ್ಲಾರೂ" ಎಂದರು. ಮಕ್ಕಳು ನುಗ್ಗಿದರು. ಅತ್ತೆ ಪೆಟ್ಟಿಗೆ ತೆರೆದು ಹಳೆಯ ಸೀರೆಗಳನ್ನೆಲ್ಲ ಹೊರಗೆಳೆದರು, ಒಬ್ಬೊಬ್ಬರಿಗೂ ಹೊದಿಸಿದರು. ಗಂಗಿ ಮಾತ್ರ ಮೂಲೆಯಲ್ಲಿ ಬಿಕ್ಕುತ್ತಿದ್ದಳು. ಅತ್ತೆ ಅವಳನ್ನು ನೋಡುತ್ತಾ ನಿಂತರು. ಆಮೇಲೆ ಕೂತು, ಅವಳನ್ನು ಮೊಣಕಾಲಿನ ನಡುವೆ ಎಳೆದುಕೊಂಡು ತಲೆ ಒರೆಸತೊಡಗಿದರು.

ಮಾವ ಎಲ್ಲಿ ಎಂದು ಹುಡುಕಿದೆ. ಅವರು ಅಂಗಳದಲ್ಲೇ, ಸುರಿಯುವ ಮಳೆಯಲ್ಲಿ, ನಡುಮನೆಯ ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು. ತೋಟ ಹೋದ ದುಃಖ ಇರಬೇಕೆಂದು ಹೋಗಿ ಕೈ ಹಿಡಿದೆ.

"ಬನ್ನಿ ಮಾವ, ನೆನೀತಾ ಇದೀರಿ. ಮರ ಮತ್ತೆ ಮಾಡಿದರಾಯ್ತು."

ಮಾವ ತಲೆಯಾಡಿಸಿದರು. ಮುಖದ ಮೇಲೆ ಹರಿಯುತ್ತಿದ್ದದ್ದೆಲ್ಲ ಮಳೆಯ ನೀರೇ ಆಗಿರಲಿಲ್ಲ.

"ನೀನು ಹೋಗವ್ವಾ," ಎಂದರು ಮೆಲ್ಲಗೆ. "ಆಕೆ ಆ ಕೂಸಿಗೆ ತಲೆ ಬಾಚ್ತಾ ಅದಾಳೆ. ನಾನು ಒಳಗೆ ಹೋದ್ರೆ ನಿಲ್ಲಿಸಿಬಿಡ್ತಾಳೆ."