ರೀಲು ಮುಗಿದಾಗ ಚಹಾ

ಮನೆಯಲ್ಲೇ ಇಟ್ಟುಕೊಂಡು ನೋಡಲು ಯಾವ ಸಿನೆಮಾ ಚಲೋ ಎಂದು ನಮ್ಮ ಸಂಖ ಊರಿನ ಹೆಂಗಸರು ಈಗೀಗ ನನ್ನನ್ನು ಕೇಳುತ್ತಾರೆ. ಸ್ವಂತ ಸಿನೆಮಾ ಇರುವ ಮನೆ ಊರಿನಲ್ಲಿ ನಮ್ಮದೊಂದೇ ನೋಡಿ! ನಾನು ಮಾತ್ರ ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ: "ಚಾ ಯಾರು ಮಾಡವ್ರು?"

ಇದಕ್ಕೊಂದು ಇತಿಹಾಸವಿದೆ. ಡಫಳಾಪುರದ ಕಡೆ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಜು ಮುಚ್ಚಿಹೋಯಿತು. ಕಾಳಿನ ವ್ಯಾಪಾರಕ್ಕೆ ಅತ್ತ ಹೋಗಿದ್ದ ನಮ್ಮ ಮನೆಯವರು, ಶ್ರೀಶೈಲಪ್ಪನವರು, ಆ ಟಾಕೀಜಿನ ಸಣ್ಣ ಪ್ರೊಜೆಕ್ಟರನ್ನು ಜೋಳದ ಚೀಲಗಳ ನಡುವೆ ಕೂಸಿನಂತೆ ಮಲಗಿಸಿಕೊಂಡು ಬಂದರು. (ನಮ್ಮ ಕೂಸುಗಳನ್ನು ಅವರು ಹಾಗೆ ಮಲಗಿಸಿದ್ದು ನಾನು ಕಂಡಿಲ್ಲ.) ಜೊತೆಗೆ ಒಂದು ಸಿನೆಮಾ ಆರಿಸಿಕೊಳ್ಳಬಹುದಂತೆ. ಯಾವುದು? ಸಕುಟುಂಬ ಮಹಾಸಭೆ ಸೇರಿತು.

"ಹೊಡದಾಟದ್ದು ತರೂಣು," ಎಂದರು ಇವರು.

"ದೇವರದು ತಾರೋ. ಸಿನೆಮಾ ನೋಡಿದಂಗೂ ಆತು, ಊದಿನಕಡ್ಡಿ ಬೆಳಗಿದಂಗೂ ಆತು," ಎಂದರು ಅತ್ತೆ ಸಿದ್ದವ್ವ.

ನಾನು ಬಾಯಿ ಬಿಟ್ಟೆ. ಹಿಂದೊಮ್ಮೆ ತಿಕೋಂಡಿಯ ತವರಿಗೆ ಹೋದಾಗ ಅದೇ ಡೇರೆಯಲ್ಲಿ ಒಂದು ಸಿನೆಮಾ ನೋಡಿದ್ದೆ. ದುಡಿದು ದುಡಿದು ಬೇಸತ್ತ ಸೊಸೆಯೊಬ್ಬಳು ಕೊನೆಗೆ ಟ್ರಂಕು ಹಿಡಿದು ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ. ಅಷ್ಟರಲ್ಲಿ ಮಡಿಲಲ್ಲಿದ್ದ ನನ್ನ ಮಗಳು ಕಿಟಾರನೆ ಕಿರುಚಿದಳು. ಎತ್ತಿಕೊಂಡು ಹೊರಗೆ ಬಂದೆ. ಆಕೆ ಹೊಸ್ತಿಲು ದಾಟಿದಳೋ ಇಲ್ಲವೋ ಎಂಬುದು ವರ್ಷಗಟ್ಟಲೆ ನನ್ನ ತಲೆಯಲ್ಲೇ ಉಳಿಯಿತು. ರೊಟ್ಟಿ ಬಡಿಯುವಾಗ ದಾಟಿಸುತ್ತಿದ್ದೆ, ಪಾತ್ರೆ ತಿಕ್ಕುವಾಗ ಮತ್ತೆ ವಾಪಸು ಕರೆಸುತ್ತಿದ್ದೆ. ಆ ಕಥೆ ಹೇಳಿ, ಅದನ್ನೇ ತರ್ರಿ ಎಂದೆ.

"ಆ ಅಳೋ ಸಿನೆಮಾ ಯಾರು ನೋಡ್ತಾರ?" ಎಂದರು ಇವರು.

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಅದನ್ನ ತಾರೋ. ಆ ಹೆಣಮಗಳು ಏನಾದ್ಲಂತ ನನಗೂ ನೋಡಬೇಕು."

ಅತ್ತೆ ಸೊಸೆ ಒಂದು ಮಾತಿಗೆ ಬಂದದ್ದು ಕಂಡು ಇವರು ಗಾಬರಿಯಲ್ಲೇ ಒಪ್ಪಿಕೊಂಡರು.

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ಗೋಡೆಗೆ ಇವರ ಬಿಳಿ ಧೋತರ (ಒಗೆದವಳು ನಾನು) ಏರಿತು. ಅರ್ಧ ಓಣಿ ಬಂದು ಕೂತಿತು. ಯಂತ್ರ ಒಂದೇ. ಒಂದು ರೀಲು ಮುಗಿದರೆ ದೀಪ ಹಾಕಿ ಮತ್ತೊಂದನ್ನು ಏರಿಸಬೇಕು. ಆ ಬಿಡುವಿನಲ್ಲಿ ಮಂದಿ ಸುಮ್ಮನೆ ಕೂಡುವುದುಂಟೆ? ಚಿತ್ರಮಂದಿರದ ಮಾಲಕರು ಗರ್ಜಿಸಿದರು: "ಏ, ಚಾ ತಗೊಂಬಾ!"

ಹೀಗಾಗಿ ರೀಲು ಓಡುವಾಗ ನಾನು ಒಲೆಯ ಮುಂದೆ, ನಾನು ತಟ್ಟೆ ಹಿಡಿದು ಬಂದಾಗ ರೀಲು ನಿಂತಿದೆ. ಸಿನೆಮಾ ಅರ್ಧ ಮುಗಿದರೂ ನಾನು ಕಂಡದ್ದು ಧೋತರವೊಂದೇ. ಅದರ ಅಂಚಿಗೆ ಅರಿಶಿನದ ಕಲೆಯೊಂದು ಉಳಿದಿತ್ತು. ಅದನ್ನು ಮಾತ್ರ ಬಹಳ ಸ್ಪಷ್ಟವಾಗಿ ನೋಡಿದೆ.

ಮುಂದಿನ ಬಿಡುವಿನಲ್ಲಿ ತಟ್ಟೆಯನ್ನು ಇವರ ಕೈಗೇ ಕೊಟ್ಟೆ. "ಇನ್ನ ಚಾ ನೀವ ಮಾಡ್ರಿ. ಮಷಿನ್ ನಾ ನೋಡ್ತೀನಿ."

ಪಡಸಾಲೆಯ ಕತ್ತುಗಳೆಲ್ಲ ಇತ್ತ ತಿರುಗಿದವು. ಇದೂ ಸಿನೆಮಾದ್ದೇ ಎಂದು ಕೆಲವರು ತಿಳಿದಿರಬೇಕು.

"ಹುಚ್ಚಿ ಇದ್ದಿಯೇನ? ಮಷಿನ್ ಅದ ಇದು!"

"ಹೊಲಿಗಿ ಮಷಿನ್ನಿಗೆ ದಾರ ಹಾಕಾಕಿ ನಾ. ಮ್ಯಾಲಿಂದ ಇಳಿಸೂದು, ನಡುವ ಸಿಗಿಸೂದು, ಕೆಳಗ ಸುತ್ತೂದು. ಇದರಾಗ ಬ್ಯಾರೆ ಏನದ?"

"ಹೋಗೋ ಶ್ರೀಶೈಲ," ಎಂದು ನಕ್ಕರು ಪಕ್ಕದಂಗಡಿಯ ರೇವಪ್ಪ. "ನಿನ್ನ ಕೈ ಚಾನೂ ಒಂದಿನ ಕುಡಿಯೂಣು."

ನಾನು ಗೆದ್ದೆ. ಆದರೆ ಯಂತ್ರವೆಂಬುದು ಒಲೆಯ ತಂಗಿ ಎಂಬುದು ಅದರ ಮುಂದೆ ಕೂತ ಮೇಲೆ ತಿಳಿಯಿತು. ಅದೂ ಕಾಯುತ್ತದೆ. ಕಣ್ಣು ಆಚೆ ಸರಿಸಿದರೆ ರೀಲು ಸಿಕ್ಕಿಬಿದ್ದು ಸುಡುತ್ತದೆ. ತೆರೆಯ ಕಡೆ ಅರೆಗಣ್ಣು, ರೀಲಿನ ಕಡೆ ಒಂದೂವರೆ. ಮೇಲಾಗಿ ಪಾಕಶಾಲೆಯಿಂದ ಆಕಾಶವಾಣಿ:

"ಸಕ್ಕರಿ ಎಲ್ಲದ?"

"ಗ್ವಾಡಿ ಮಾಡದಾಗ!"

"ಮಾಡದಾಗ ಉಪ್ಪು ಅದ!"

"ಅದರ ಬಾಜೂಕ!"

ಕಡೆಯ ರೀಲು ಬಂತು. ಸೊಸೆ ಟ್ರಂಕು ಎತ್ತಿಕೊಂಡಳು. ಈ ಸಲ ರೀಲು ಸುಟ್ಟರೆ ಸುಡಲಿ ಎಂದು ಎರಡೂ ಕಣ್ಣು ತೆರೆಗೇ ಕೊಟ್ಟೆ. ಆಕೆ ನಡುಮನೆ ದಾಟಿದಳು. ಹೊಸ್ತಿಲಿಗೆ ಬಂದಳು. ಕಾಲು ಎತ್ತಿದಳು.

"ಏ! ಹಾಲು ಉಕ್ಕಾಕತ್ತಾವ! ಏನ ಮಾಡ್ಲಿ?"

ನಾನು ಏಳಲಿಲ್ಲ. ದೇವರಾಣೆಗೂ ಇಲ್ಲ. ನನ್ನ ಕಾಲುಗಳು ತಾವಾಗಿಯೇ ಎದ್ದು ಓಡಿದವು, ನಾನು ಅವುಗಳ ಮೇಲಿದ್ದೆ, ಅಷ್ಟೆ. ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಪಾತ್ರೆ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಾಗ ಧೋತರ ಬೆಳ್ಳಗಿತ್ತು. ರೀಲಿನ ಬಾಲ ಟಪಟಪ ಬಡಿಯುತ್ತಿತ್ತು.

ಇವರು ತಟ್ಟೆ ಹಿಡಿದು ಮೆರವಣಿಗೆಯಂತೆ ಬಂದರು. "ವಾಹ್! ಎಂಥಾ ಚಾ!" ಎಂದಿತು ಪಡಸಾಲೆ. ನನ್ನ ಇಷ್ಟು ವರ್ಷದ ಚಹಾಕ್ಕೆ ಆ ಪಡಸಾಲೆ ಒಂದು ತೇಗೂ ಕೊಟ್ಟದ್ದಿಲ್ಲ.

"ಪುಣ್ಯ ಮಾಡೀರಿ ವೈನಿ," ಎಂದರು ರೇವಪ್ಪ. "ಚಾ ಮಾಡೋ ಗಂಡ ಸಿಕ್ಕಾನ."

ಹಿಗ್ಗಿದ ಇವರು ಅಲ್ಲೇ ಸಾರಿದರು: "ಇನ್ನ ವಾರಾ ವಾರಾ ಹಾಕೂಣು. ಮಷಿನ್ ಇಕಿದು, ಚಾ ನಂದು!" ಆಮೇಲೆ ನನ್ನ ಕಿವಿಯ ಹತ್ತಿರ, ಮೆಲ್ಲಗೆ: "ಹಾಲು ಸಕ್ಕರಿ ಎಲ್ಲಾ ಮೊದಲ ತಗದಿಡು. ಒಲಿನೂ ಹಚ್ಚಿಡು."

ಮಂದಿ ಎದ್ದು ಹೋದರು. ರೀಲುಗಳನ್ನೆಲ್ಲ ಹಿಂದಕ್ಕೆ ಸುತ್ತಿಡುವುದೂ ಮಷಿನ್ ನೋಡುವವರದೇ ಕೆಲಸವಂತೆ. ಕಪ್ಪುಬಸಿ ತೊಳೆಯುವುದು ಮಾತ್ರ ಚಹಾ ಮಾಡಿದವರದಲ್ಲವಂತೆ. ಸುತ್ತುತ್ತ ಸುತ್ತುತ್ತ ಅತ್ತೆಯನ್ನು ಕೇಳಿದೆ: "ಅತ್ತಿ, ಕಡೀಕ ಆಕಿ ಹೊಸ್ತಲಾ ದಾಟಿದ್ಲೇನ್ರಿ?"

"ಎಲ್ಲಿ ದಾಟಿದ್ಲು ಯವ್ವಾ!" ಎಂದರು ಅತ್ತೆ, ಖಾಲಿ ಧೋತರವನ್ನೇ ನೋಡುತ್ತ. "ನೀ ಎದ್ದು ಓಡಿದಿ ನೋಡು, ಆಕಿನೂ ಹಂಗ ಟ್ರಂಕ್ ಬಿಟ್ಟು ಒಳಗ ಓಡಿದ್ಲು. ಯಾಕಂತ ತಿಳೀಲಿಲ್ಲ. ಆಕಿ ಒಲಿ ಮ್ಯಾಲೂ ಹಾಲು ಇದ್ದಿರಬೇಕು."