ಎಲ್ಲಾ ದೇಶಕ್ಕೂ ಆಗುವ ಟಿವಿ

ಮೂಗಪ್ಪನ ಗ್ರಹಚಾರ ಕೆಟ್ಟಿದ್ದು ಗೋಡೆಯಲ್ಲಿದ್ದ ತೂತಿನಿಂದ. ತೂತು ಅಂದರೆ ಪ್ಲಗ್ಗು ಸಿಕ್ಕಿಸುವ ತೂತು. "ನೀವು ಹೋಗೋ ದೇಶದಲ್ಲಿ ತೂತು ದುಂಡಗಿರಲ್ಲ, ಚಪ್ಪಟೆ" ಅಂತ ಕೆಳಮನೆಯ ಮೀಟರ್ ಮಾವ ಬೆಳ್ಳಂಬೆಳಗ್ಗೆ, ಯಾರೂ ಕೇಳದೆ, ಮೂಗಪ್ಪನ ಅಮ್ಮನ ಕಿವಿಗೆ ಹಾಕಿ, ಅವರದೇ ಮನೆಯ ಕಾಫಿ ಹೀರುತ್ತಾ ಆರಾಮಾಗಿ ಕೂತುಬಿಟ್ಟ.

ಮೂಗಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಸೋಪಿನ ಫ್ಯಾಕ್ಟರಿಯಲ್ಲಿ ಪ್ರತಿ ಪಾಕದ ಸೋಪನ್ನೂ ಮೂಸಿ ನೋಡಿ 'ಸರಿಯಿದೆ', 'ಕೆಟ್ಟಿದೆ' ಅನ್ನೋದು ಅವನ ಉದ್ಯೋಗ. ಇನ್ನೊಬ್ಬರ ಸಂಸಾರದಲ್ಲಿ ಮೂಗು ತೂರಿಸೋರಿಗೆ ಆ ಕಟ್ಟಡದಲ್ಲಿ ಬರವಿರಲಿಲ್ಲ. ಆದರೆ ಮೂಗಿಗೆ ಸಂಬಳ ಬರುತ್ತಿದ್ದದ್ದು ಅವನೊಬ್ಬನಿಗೇ. ಪಾಪ, ಎಷ್ಟೋ ವರ್ಷದಿಂದ ಅದೇ ಲಿಂಬೆ ಸೋಪು ಮೂಸೀ ಮೂಸೀ ಜೀವ ಬೇಸತ್ತಿತ್ತು. ಈಗ ಅದೇ ಕಂಪನಿಯವರು ಸಮುದ್ರದಾಚೆ ಹೊಸ ಫ್ಯಾಕ್ಟರಿ ತೆಗೆದು, ಅಲ್ಲಿಗೆ ಮುಖ್ಯ ಮೂಗಾಗಿ ಅವನನ್ನೇ ಆರಿಸಿದ್ದರು. ಸಂಜೆ ಅಲ್ಲಿನ ಮ್ಯಾನೇಜರು ಮನೆಗೆ ಬಂದು ಒಂದೆರಡು ಸೀಸೆ ಮೂಸಿಸಿ ಕೈಕುಲುಕುವುದೊಂದೇ ಬಾಕಿ. "ಸುಮ್ಮನೆ ಶಾಸ್ತ್ರಕ್ಕೆ" ಅಂದಿದ್ದರು ಫ್ಯಾಕ್ಟರಿಯಲ್ಲಿ.

ಆದರೆ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು. "ಅತ್ತೆ ಬಂದ್ರೆ ನಾನೂ ಬರ್ತೀನಿ. ನೀವು ಅಲ್ಲಿ ಸೋಪು ಮೂಸ್ಕೊಂಡು ಕೂತಾಗ ನಾನೇನು ಗೋಡೆ ಜೊತೆ ಮಾತಾಡ್ಲಾ?"

ಅಮ್ಮನದು ಅದಕ್ಕಿಂತ ಸಣ್ಣ ಷರತ್ತು. ಸಂಜೆಯ ಧಾರಾವಾಹಿ ತಪ್ಪಬಾರದು. ಧಾರಾವಾಹಿಯ ಸೊಸೆ ಮೆಟ್ಟಿಲಿಂದ ಬಿದ್ದು ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿ ಮಲಗಿ ಬಹಳ ದಿನವಾಗಿತ್ತು. ಅವಳು ಕಣ್ಣು ಬಿಡೋ ದಿನ ತಾನು ಟಿವಿ ಮುಂದೆ ಇರಲೇಬೇಕು ಅಂತ ಅಮ್ಮನ ಹಟ. ನಮ್ಮ ಚಾನೆಲ್ಲುಗಳು ಅಲ್ಲೂ ಬರ್ತವೆ ಅಂತ ಮೂಗಪ್ಪ ಹೇಗೋ ಒಪ್ಪಿಸಿದ್ದ. ಅಷ್ಟರಲ್ಲಿ ಈ ತೂತಿನ ತಕರಾರು ಎದ್ದಿತು.

"ತೂತು ಹಾಳಾಗ್ಲಿ, ಬದಲಾಯಿಸಬಹುದು" ಅಂದ ಮೀಟರ್ ಮಾವ. ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದಿ ಓದಿ ನಿವೃತ್ತನಾದವನು. ಕರೆಂಟಿನ ವಿಷಯ ಬಂದರೆ ಅವನ ಮಾತಿಗೆ ಎದುರಿಲ್ಲ. "ಅಲ್ಲಿ ಕರೆಂಟೇ ನಮ್ಮದರ ಅರ್ಧ. ಇಲ್ಲಿನ ಟಿವಿ ಅಲ್ಲಿ ಹಾಕಿದ್ರೆ ಅರ್ಧ ಮುಖ ಬರುತ್ತೆ."

"ಯಾವ ಅರ್ಧ?" ಅಂದಳು ಅಮ್ಮ.

"ಮೇಲಿನರ್ಧ. ಬಾಯಿ ಕಾಣ್ಸಲ್ಲ."

"ಬಾಯಿ ಕಾಣದೆ ಯಾರು ಯಾರಿಗೆ ಬೈದ್ರು ಅಂತ ಹೇಗಪ್ಪಾ ಗೊತ್ತಾಗೋದು? ನಾನು ಬರಲ್ಲ. ಲೇ, ಒಳಗೆ ಹಾಲು ತಳ ಹಿಡೀತಿದೆ, ನೋಡೋ."

"ಏನೂ ಹಿಡಿದಿಲ್ಲಮ್ಮ. ಅಡುಗೆಮನೆ ಬಾಗಿಲಲ್ಲೇ ನಿಂತಿದೀನಿ, ನನ್ನ ಮೂಗಿಗೇ ಬರ್ತಿಲ್ಲ" ಅಂದ ಮೂಗಪ್ಪ. ಹೆಂಡತಿ ಓಡಿಹೋಗಿ ಪಾತ್ರೆ ಇಳಿಸಿದರೆ ತಳ ಕಂದಾಗಿತ್ತು. ಆ ಗಡಿಬಿಡಿಯಲ್ಲಿ ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಅಮ್ಮ ಇಲ್ಲದೆ ಹೆಂಡತಿ ಇಲ್ಲ, ಟಿವಿ ಇಲ್ಲದೆ ಅಮ್ಮ ಇಲ್ಲ. ಸಂಜೆಯೊಳಗೆ ಅಲ್ಲಿ ನಡೆಯುವ ಟಿವಿ ತರದಿದ್ದರೆ ತಾನು ಒಂಟಿಯಾಗಿ ಹೋಗಬೇಕು, ಇಲ್ಲಾ ಸಾಯೋವರೆಗೂ ಲಿಂಬೆ ಸೋಪು ಮೂಸಬೇಕು. ಮೂಗಪ್ಪ ಚಪ್ಪಲಿ ಮೆಟ್ಟಿಕೊಂಡ. "ಒಬ್ಬನೇ ಹೋದ್ರೆ ಟೋಪಿ ಹಾಕ್ತಾರೆ" ಅಂತ ಮೀಟರ್ ಮಾವ ಜೊತೆಗೆ ಹೊರಟ. ಮೆಟ್ಟಿಲಲ್ಲಿ ಎದುರಾದ ಮೇಲ್ಮನೆಯ ಡ್ರಿಲ್ ಮೇಷ್ಟ್ರು, ಎಲ್ಲಿಗೆ ಅಂತ ಕೂಡ ಕೇಳದೆ ಹಿಂದೆ ಬಿದ್ದರು.

ಅಂಗಡಿಯಲ್ಲಿ ಗೋಡೆ ತುಂಬಾ ಟಿವಿ, ಎಲ್ಲದರಲ್ಲೂ ಒಬ್ಬಳೇ ಹುಡುಗಿ ಹಲ್ಲುಜ್ಜುತ್ತಿದ್ದಳು.

"ಇದು ಹೊರದೇಶದಲ್ಲಿ ನಡೆಯುತ್ತಾ?" ಅಂತ ಮೂಗಪ್ಪ ಕೇಳಿದ.

"ಇಲ್ಲಿ ನಡೆಯೋದಕ್ಕೇ ಗ್ಯಾರಂಟಿ ಕೊಡಕ್ಕೆ ಭಯ ಆಗುತ್ತೆ ಸಾರ್" ಅಂದ ಅಂಗಡಿಯವ. ಪ್ರಾಮಾಣಿಕ ಮನುಷ್ಯ. "ಕರೆಂಟು ಒಂದು ಸರಿಹೋದ್ರೆ ಸಾಲದು, ಸಿಗ್ನಲ್ಲೂ ಬೇರೆ ಬೇರೆ ಇರ್ತದೆ. ಕೆಲವು ದೇಶದಲ್ಲಿ ನಮ್ಮ ಟಿವಿಯಲ್ಲಿ ಬರೀ ಸೌಂಡು ಬರುತ್ತೆ."

"ಅರ್ಧ ಮುಖಾನೂ ಇಲ್ವಾ!" ಅಂತ ಮೀಟರ್ ಮಾವ ಹಣೆ ಚಚ್ಚಿಕೊಂಡ.

"ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ ಅಲ್ವಾ?" ಅಂತ ಡ್ರಿಲ್ ಮೇಷ್ಟ್ರು ಇನ್ನೊಂದು ತೆಗೆದರು. "ಅಮ್ಮನಿಗೆ ಸಂಜೆ ಧಾರಾವಾಹಿ ಬೆಳಗ್ಗೆ ಬಂದ್ರೆ ಹಲ್ಲುಜ್ಜೋದು ಯಾವಾಗ?"

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಮನೇಲಿ ಹೇಳಬೇಡಿ" ಅಂದ ಮೂಗಪ್ಪ.

ಅವನ ಮುಖ ನೋಡಿ ಅಂಗಡಿಯವನಿಗೆ ಕನಿಕರ ಬಂತು. ಒಳಗಿನ ಕತ್ತಲೆ ಕೋಣೆಯಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಎಳೆದು ತಂದ. ಯಾರೋ ತರಿಸಿಕೊಡಿ ಅಂದವರು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲವಂತೆ. "ಎಲ್ಲಾ ದೇಶಕ್ಕೂ ಆಗುತ್ತೆ. ಯಾವ ಕರೆಂಟಾದ್ರೂ ಸರಿ, ಯಾವ ಸಿಗ್ನಲ್ಲಾದ್ರೂ ಸರಿ. ಆದ್ರೆ ಅಲ್ಲಿ ಕೆಟ್ಟರೆ ರಿಪೇರಿಗೆ ಇಲ್ಲಿಗೇ ತರಬೇಕು." ಬೆಲೆ ಕೇಳಿ ಮೂಗಪ್ಪ ಎರಡೆರಡು ಸಲ ಜೇಬು ಮುಟ್ಟಿ ನೋಡಿಕೊಂಡ. ಆದರೂ ಕಣ್ಣುಮುಚ್ಚಿ ಕೊಂಡುಬಿಟ್ಟ.

ಪೆಟ್ಟಿಗೆಯನ್ನು ಹೊತ್ತು ಮೆಟ್ಟಿಲು ಹತ್ತಿಸುವಾಗ ಡ್ರಿಲ್ ಮೇಷ್ಟ್ರು "ಎಡ, ಬಲ, ಎಡ, ಬಲ" ಅಂತ ಕೂಗುತ್ತಿದ್ದರೇ ವಿನಾ ಕೈ ಹಚ್ಚಲಿಲ್ಲ. ಮೀಟರ್ ಮಾವನಿಗೆ ಸೊಂಟನೋವು. ಎದುರುಮನೆಯ ಟೈಲರಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ಪೆಟ್ಟಿಗೆಯ ಅಗಲ ಅಳೆದು, "ಬಾಗಿಲಲ್ಲಿ ಹಿಡಿಸುತ್ತೆ, ಎತ್ತು ತಮ್ಮಾ" ಅಂತ ಧೈರ್ಯ ಹೇಳಿದಳು. ಏದುಸಿರು ಬಿಡುತ್ತಾ ಮೂಗಪ್ಪ ಟಿವಿ ಜೋಡಿಸಿ ಗುಂಡಿ ಒತ್ತಿದ. ಬಂತು! ಪೂರ್ತಿ ಮುಖ, ಪೂರ್ತಿ ಬಾಯಿ. ಅಮ್ಮನ ಮುಖವೂ ಅರಳಿತು.

ಅಲ್ಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಬಿಡುವ ಜನವೇ ಅವರು?

"ಇದು ಇಲ್ಲಿ ನಡೆದದ್ದು" ಅಂದ ಮೀಟರ್ ಮಾವ. "ಅಲ್ಲಿ ನಡೆಯುತ್ತೆ ಅನ್ನೋದಕ್ಕೆ ಏನು ಸಾಕ್ಷಿ? ಅಲ್ಲಿಯ ಕರೆಂಟು ಕೊಟ್ಟು ನೋಡ್ಬೇಕು."

"ಅಲ್ಲಿಯ ಕರೆಂಟು ಇಲ್ಲೆಲ್ಲಿಂದ ತರೋದು ಮಾವ?"

"ನಾನಿರೋದು ಯಾಕೆ?" ಅಂತ ಮಾವ ಕೆಳಗಿಳಿದು, ಮಂಚದಡಿಯಿಂದ ಕಬ್ಬಿಣದ ಹಳೇ ಟ್ರಾನ್ಸ್‌ಫಾರ್ಮರು ಹೊರಳಿಸಿಕೊಂಡು ಬಂದ. ಕರೆಂಟನ್ನು ಅರ್ಧ ಮಾಡುವ ಯಂತ್ರವಂತೆ. ಬೇಡ ಮಾವ, ಕೈಮುಗೀತೀನಿ ಅಂತ ಮೂಗಪ್ಪ ಅನ್ನುತ್ತಿರುವಾಗಲೇ "ನೋಡ್ಲಿ ಬಿಡೋ, ಆಮೇಲೆ ಅಲ್ಲಿ ಹೋಗಿ ಬಾಯಿ ಬಡ್ಕೊಳೋದು ಯಾಕೆ?" ಅಂದಳು ಅಮ್ಮ. ಅಮ್ಮನ ಮಾತು ಮೀರುವ ಹಾಗಿರಲಿಲ್ಲ. ಮಾವ ಮೆಟ್ಟಿಲ ಬಳಿಯಿದ್ದ ಇಡೀ ಕಟ್ಟಡದ ಕರೆಂಟ್ ಬೋರ್ಡು ಬಿಚ್ಚಿ, ಯಾವುದನ್ನೋ ಕಿತ್ತು ಯಾವುದಕ್ಕೋ ಸುತ್ತಿ, "ಹಾಕ್ರೀ!" ಅಂದ.

ಮೂಗಪ್ಪನ ಟಿವಿ ಝಗ್ಗನೆ ಬೆಳಗಿತು. "ಅರ್ಧ ಕರೆಂಟಲ್ಲಿ ನಡೀತಿದೆ!" ಅಂತ ಡ್ರಿಲ್ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೇಲಿನ ಅವರ ಮನೆಯಿಂದಲೇ ಢಮ್ ಅಂತ ಸದ್ದು. ಹಿಂದೆಯೇ ಎದುರುಮನೆಯಲ್ಲಿ ಢಮ್. ಕೆಳಗೆ ಮಾವನ ಮನೆಯಲ್ಲಿ ಎರಡು ಢಮ್. ಇಲ್ಲಿ ಕಳೆದ ಅರ್ಧ ಕರೆಂಟನ್ನು ಮಾವ ನ್ಯಾಯವಾಗಿ ಉಳಿದವರಿಗೆಲ್ಲ ಹಂಚಿಬಿಟ್ಟಿದ್ದ.

ಹೊಗೆ ಅಂದರೆ ಹೊಗೆ. ಮಾವ ಟ್ರಾನ್ಸ್‌ಫಾರ್ಮರು ತಬ್ಬಿಕೊಂಡು ಮೂಲೆಯಲ್ಲಿ ಕೂತುಬಿಟ್ಟ. ಟೈಲರಕ್ಕ ಕೂಗಿಕೊಂಡಳು, ಡ್ರಿಲ್ ಮೇಷ್ಟ್ರು ಎಲ್ಲರಿಗೂ ಸಾಲಾಗಿ ನಿಲ್ಲಲು ಆಜ್ಞೆ ಕೊಟ್ಟರು. ಮನೆಮನೆಗೂ ನುಗ್ಗಿ, ಮುಖಕ್ಕೆ ಬಟ್ಟೆ ಸಹ ಇಲ್ಲದೆ, ಉರಿಯುವ ಟಿವಿಗಳ ಪ್ಲಗ್ಗು ಕಿತ್ತವನು ಮೂಗಪ್ಪನೊಬ್ಬನೇ. ಕರಿಮೋರೆ ಹೊತ್ತು ಹಿಂತಿರುಗಿದಾಗ ಕಣ್ಣಲ್ಲಿ ನೀರು, ಎದೆಯಲ್ಲಿ ಕೆಮ್ಮು. ಯಾರಾದರೂ ಒಂದು ಲೋಟ ನೀರು ಕೊಟ್ಟಾರು ಅಂದುಕೊಂಡ. ಕೊಡಲಿಲ್ಲ.

"ನಿನ್ನ ಟಿವಿಗೋಸ್ಕರ ನಮ್ಮದು ಹೋಯ್ತಲ್ಲಪ್ಪಾ" ಅಂದಳು ಟೈಲರಕ್ಕ. "ನನಗೆ ಅದೊಂದೇ ಆಸರೆಯಾಗಿತ್ತು."

"ನನ್ನದು ಎರಡು ಹೋಯ್ತು" ಅಂದ ಮೀಟರ್ ಮಾವ, ಬೇರೆ ಯಾರೋ ಬೋರ್ಡು ಬಿಚ್ಚಿದ ಹಾಗೆ.

"ತಂತಿ ಸುತ್ತಿದ್ದು ನೀವಲ್ವಾ ಮಾವ!"

"ಸುತ್ತಿದ್ದು ಯಾರ ಟಿವಿಗೆ?"

ಮೂಗಪ್ಪ ಬಾಯಿ ತೆರೆಯುವಷ್ಟರಲ್ಲಿ, ಸುಟ್ಟಿದ್ದು ರಿಪೇರಿಯಾಗೋವರೆಗೂ ಎಲ್ಲರೂ ಅವನ ಟಿವಿಯನ್ನೇ ನೋಡೋದು ಅಂತ ಪಂಚಾಯ್ತಿ ತೀರ್ಮಾನವೂ ಆಗಿಹೋಯಿತು. ತಂತಿಯನ್ನು ಮೊದಲಿನಂತೆ ಮಾಡಿಸಿ, ಸಂಜೆ ಎಲ್ಲರೂ ತಂತಮ್ಮ ಕುರ್ಚಿ ಹೊತ್ತುಕೊಂಡು ಅವನ ಮನೆಗೇ ಬಂದರು. ಅವತ್ತು ಧಾರಾವಾಹಿಯ ಸೊಸೆ ಬೆರಳು ಅಲ್ಲಾಡಿಸುವ ದಿನವಂತೆ. ಅವರ ನಡುವೆ ದಾರಿ ಮಾಡಿಕೊಂಡು, ಕೈಯಲ್ಲಿ ಚರ್ಮದ ಪೆಟ್ಟಿಗೆ ಹಿಡಿದು ಮ್ಯಾನೇಜರು ಒಳಗೆ ಬಂದರು.

"ಒಂದೇ ನಿಮಿಷದ ಕೆಲಸ" ಅಂತ ನಗುತ್ತಾ ಸೀಸೆಯೊಂದರ ಬಿರಡೆ ತೆಗೆದು ಮೂಗಪ್ಪನ ಮೂಗಿಗೆ ಹಿಡಿದರು.

ಮೂಗಪ್ಪ ಉಸಿರೆಳೆದ. ಏನೂ ಇಲ್ಲ. ಮತ್ತೆ ಎಳೆದ. ಹೊಗೆಯೂ ಇಲ್ಲ, ಹೂವೂ ಇಲ್ಲ, ಮೂಗಿನ ಜಾಗದಲ್ಲಿ ಗೋಡೆ ಕಟ್ಟಿದ ಹಾಗಿತ್ತು. ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಹೊರಬಿತ್ತು. "ಲಿಂಬೆ."

ಮ್ಯಾನೇಜರ ನಗು ಸ್ವಲ್ಪ ಇಳಿಯಿತು. ಎರಡನೇ ಸೀಸೆ ತೆಗೆದರು.

"ಇದೂ... ಲಿಂಬೆ."

"ಮೊದಲನೇದು ಗುಲಾಬಿ ಕಣೋ, ಎರಡನೇದು ಸೀಮೆಎಣ್ಣೆ!" ಅಂದಳು ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, ಕೋಣೆಯ ಆ ಮೂಲೆಯಿಂದ. "ಗುಲಾಬೀನೂ ಒಳ್ಳೇದಲ್ಲ, ಹಳಸಿದೆ."

ಮ್ಯಾನೇಜರು ಎದ್ದು ನಿಂತರು. ಪೆಟ್ಟಿಗೆಯಲ್ಲಿದ್ದ ಸೀಸೆಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಅಮ್ಮ ಜಾಹೀರಾತು ಬಂದಾಗಲೂ ಈ ಕಡೆ ತಿರುಗದೆ ಎಲ್ಲಾ ಹೇಳಿದಳು. ಬಿರಡೆಗೆ ಯಾವ ಎಣ್ಣೆ ಸವರಿದ್ದಾರೆ ಅನ್ನೋದನ್ನೂ ಹೇಳಿದಳು.

"ಅಮ್ಮಾ, ಇಂಥ ಮೂಗನ್ನೇ ನಾವು ಹುಡುಕ್ತಿದ್ವಿ" ಅಂದರು ಮ್ಯಾನೇಜರು. "ನೀವು ಬರ್ತೀರಾ?"

"ಅಲ್ಲಿ ಟಿವಿ ನಡೆಯುತ್ತಾ?"

"ನಿಮಗೆ ಕೊಡೋ ಮನೇಲಿ ಟಿವಿ ಗೋಡೆಗೇ ಕೂರಿಸಿದೀವಮ್ಮ. ಇಲ್ಲಿಂದ ಯಾರೂ ಹೊತ್ಕೊಂಡು ಬರಲ್ಲ."

ಕೋಣೆಯಲ್ಲಿದ್ದವರೆಲ್ಲ ಮೂಗಪ್ಪನತ್ತ ತಿರುಗಿದರು. "ಮ್ಯಾನೇಜರನ್ನ ಮೊದಲೇ ಒಂದು ಮಾತು ಕೇಳ್ಬಾರ್ದಾಗಿತ್ತಾ?" ಅಂದಳು ಹೆಂಡತಿ. ಮಾವನನ್ನು ಕೇಳಿದ್ದ, ಮೇಷ್ಟ್ರನ್ನು ಕೇಳಿದ್ದ, ಅಂಗಡಿಯವನನ್ನು ಕೇಳಿದ್ದ. ಕೇಳಬೇಕಾದವರೊಬ್ಬರನ್ನು ಬಿಟ್ಟಿದ್ದ.

"ಸೊಸೆ ಜೊತೆಗೆ ಬಂದ್ರೆ ನಾನು ತಯಾರು" ಅಂದಳು ಅಮ್ಮ. "ಅತ್ತೆ ಹೊರಟ್ರೆ ನಾನೂ ಹೊರಟೆ" ಅಂದಳು ಹೆಂಡತಿ, ಒಳಗೆ ಹೋಗಿ ಬಟ್ಟೆ ಮಡಿಸಲು ಶುರುಮಾಡಿಯೇಬಿಟ್ಟಳು.

"ಮತ್ತೆ ನಾನು?" ಅಂದ ಮೂಗಪ್ಪ.

"ನೀನೂ ಬಂದ್ರೆ ಇವರಿಗೆ ಟಿವಿ ಹಾಕೋರು ಯಾರೋ?" ಅಂದಳು ಅಮ್ಮ. "ಅಷ್ಟೊಂದು ಜನರದ್ದು ಸುಟ್ಟು ಓಡಿಹೋದ ಅಂತ ಆಡ್ಕೊಳಲ್ವಾ? ಅವರದು ರಿಪೇರಿ ಆಗೋವರೆಗೂ ಇರು. ಆಮೇಲೆ ನೋಡೋಣ."

"ನನ್ನದು ಬೇಗ ರಿಪೇರಿ ಆಗೋ ಥರ ಕಾಣ್ಸಲ್ಲ" ಅಂದ ಮೀಟರ್ ಮಾವ ಕಾಲು ನೀಡುತ್ತಾ. "ಸ್ವಲ್ಪ ಸೌಂಡು ಜಾಸ್ತಿ ಮಾಡಪ್ಪ."

ಮೂಗಪ್ಪ ಸೌಂಡು ಜಾಸ್ತಿ ಮಾಡಿ, ಕುರ್ಚಿ ಉಳಿಯದ್ದರಿಂದ ಅಡುಗೆಮನೆ ಬಾಗಿಲಲ್ಲಿ ಕುಸಿದು ಕೂತ. ಪರದೆಯ ಮೇಲೆ ಸೊಸೆಯ ಬೆರಳು ಅಲ್ಲಾಡಿತು. ಎಲ್ಲರೂ ಹೋ ಅಂದರು. ಅಷ್ಟರಲ್ಲಿ ಆಚೆ ಮೂಲೆಯಿಂದ ಅಮ್ಮ ಕೂಗಿದಳು.

"ಲೇ, ಹಾಲು ಪೂರ್ತಿ ಸೀದುಹೋಯ್ತಲ್ಲೋ! ಬಾಗಿಲಲ್ಲೇ ಕೂತಿದೀಯ, ವಾಸನೆ ಬರ್ಲಿಲ್ವಾ?"