ನನಗಿಂತ ಮುಂದಿದ್ದ ನನ್ನ ದವಡೆ

ಕೆಲವರ ಮುಖ ಸುಮ್ಮನಿದ್ದರೂ ನಗುತ್ತಿರುತ್ತದೆ. ನನ್ನದು ಸುಮ್ಮನಿದ್ದರೂ ಜಗಳಕ್ಕೆ ನಿಂತಂತಿರುತ್ತಿತ್ತು. ಕೆಳದವಡೆ ಮುಂದಕ್ಕೆ ಚಾಚಿ, ಕೆಳಗಿನ ಹಲ್ಲುಗಳು ಮೇಲಿನವನ್ನು ಮರೆಮಾಡಿಕೊಂಡಿದ್ದವು. ಹೆಣ್ಣು ನೋಡಲು ಬಂದ ದಿನ ನಾನು ತೆಪ್ಪಗೆ ಕಾಫಿ ಕೊಟ್ಟರೆ, ಅತ್ತೆಯಾಗಲಿದ್ದವರು ನನ್ನ ಅಮ್ಮನನ್ನು ಪಕ್ಕಕ್ಕೆ ಕರೆದು, "ಹುಡ್ಗೀಗೆ ಇಷ್ಟ ಇಲ್ವೇನವ್ವಾ? ಬಲವಂತ ಮಾಡ್ಬ್ಯಾಡಿ" ಎಂದರಂತೆ. ಮದುವೆಯ ಫೋಟೋಗಳಲ್ಲೆಲ್ಲ ನನ್ನ ಬಾಯಿಯ ಮೇಲೆ ಸೆರಗು. ಮಲಯಾಳ ನಾಡಿನ ಕಾಟ್ಟಿಕುಳಂನ ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಇನ್ನೊಂದು ಸೀರೆ ತೋರಿಸಿ ಎನ್ನಲೂ ಅಂಜುತ್ತಿದ್ದರು.

ತಮಾಷೆ ಹಾಗಿರಲಿ, ಮುಂದಿನ ಹಲ್ಲಿನಲ್ಲಿ ದೋಸೆಯೂ ಹರಿಯುತ್ತಿರಲಿಲ್ಲ. ಎಲ್ಲವನ್ನೂ ದವಡೆಹಲ್ಲಿಗೇ ತಳ್ಳಿ ತಳ್ಳಿ ಅವೂ ನೋಯತೊಡಗಿದವು. ದೂರದ ಪಟ್ಟಣದ ವೈದ್ಯರೊಬ್ಬರು, ದವಡೆ ಕೊಯ್ದು ಹಿಂದಕ್ಕೆ ಸರಿಸಬೇಕು ಎಂದರು. ಮನೆಗೆ ಬಂದು ಅತ್ತೆಯ ಮುಂದೆ ಕೂತು ಅತ್ತೆ. "ಅಳಬ್ಯಾಡ ಕಣವ್ವ, ಇನ್ನೊಬ್ರನ್ನ ಕೇಳಾನ" ಎಂದು ಅವರೇ ನನ್ನನ್ನು ಮೀನಂಗಡಿಯ ಬಸ್ಸು ಹತ್ತಿಸಿ ಜೊತೆಗೆ ಬಂದರು.

ಮೀನಂಗಡಿಯ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು, ನನ್ನ ದವಡೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿಯೂ ನೋಡಿದರು. "ಎಲ್ಲರ ದವಡೆಯೂ ಹೀಗೆ ಹಿಂದಕ್ಕೆ ಸರಿಯುವುದಿಲ್ಲ ಚೇಚಿ. ನಿಮಗೆ ಕೊಯ್ಯುವುದೂ ಬೇಡ, ಹಲ್ಲು ಕೀಳುವುದೂ ಬೇಡ. ತಂತಿ, ರಬ್ಬರು ಸಾಕು. ಆದರೆ ಕ್ಷಮ ಬೇಕು" ಎಂದರು. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ, ಕ್ಷಮ ಎಂದರೆ ತಾಳ್ಮೆ. ಮೈಸೂರು ಕಡೆಯಿಂದ ಬಂದ ನಮ್ಮ ಅತ್ತೆಗೆ ಅದೆಲ್ಲಿ ಗೊತ್ತು? "ಅಯ್ಯೋ ತಾಯಿ, ನೀವ್ಯಾಕೆ ಕ್ಷಮೆ ಕೇಳ್ತೀರಿ!" ಎಂದು ಕೈ ಹಿಡಿದುಕೊಂಡರು.

ತಾಳ್ಮೆ ನಿಜಕ್ಕೂ ಬೇಕಾಯಿತು. ಮೇಲಿನ ಹಿಂದಿನ ಹಲ್ಲಿನಿಂದ ಕೆಳಗಿನ ಮುಂದಿನ ಹಲ್ಲಿಗೆ ಪುಟ್ಟ ರಬ್ಬರು ಬಳೆ, ಊಟದ ಹೊತ್ತು ಬಿಟ್ಟು ಸದಾ ಇರಬೇಕು. ಒಮ್ಮೆ ಸೀರೆಯ ಗುಣಗಾನ ಮಾಡುತ್ತಿದ್ದಾಗ ಅದು ಚಿಮ್ಮಿ ಗಿರಾಕಿಯ ಕನ್ನಡಕಕ್ಕೆ ಬಡಿಯಿತು. ಪಾಪ, ಅವರು ಚೌಕಾಸಿಯನ್ನೂ ಮಾಡದೆ ಸೀರೆ ಕೊಂಡುಕೊಂಡರು. ತಂತಿ ಬಿಗಿಸಿದ ದಿನಗಳಲ್ಲಿ ಅನ್ನ ಅಗಿದರೂ ಪ್ರಾಣ ಹೋಗುತ್ತಿತ್ತು. ಆಗೆಲ್ಲ ಅತ್ತೆ ಕೇಳದೆಯೇ ರಾಗಿ ಮುದ್ದೆ ತಿರುವಿ ತಟ್ಟೆಗೆ ಹಾಕುತ್ತಿದ್ದರು: "ಇದಕ್ಕೆ ಹಲ್ಲೇ ಬ್ಯಾಡ, ನುಂಗು." ಹಲ್ಲಿನ ಸಹಾಯವಿಲ್ಲದೆ ಹೊಟ್ಟೆ ತುಂಬಿಸುವ ಊಟವನ್ನು ಕಂಡುಹಿಡಿದವರಿಗೂ, ಅದನ್ನು ನನಗಾಗಿ ಬೇಯಿಸಿದವರಿಗೂ ನಾನು ಋಣಿ.

ತಂತಿ ಬಿಚ್ಚುವ ದಿನ ಡಾಕ್ಟರಮ್ಮನಿಗೆ ಹೇಳಲೆಂದು ಕೃತಜ್ಞತೆಯ ನಾಲ್ಕು ಮಾತನ್ನು ಬಸ್ಸಿನುದ್ದಕ್ಕೂ ಉರು ಹೊಡೆದಿದ್ದೆ. ಅವರು ಕನ್ನಡಿ ಹಿಡಿದರು. ಮೇಲಿನ ಹಲ್ಲುಗಳು ಮುಂದೆ, ಕೆಳಗಿನವು ವಿನಯದಿಂದ ಹಿಂದೆ. ಒಂದು ಮಾತೂ ನೆನಪಾಗಲಿಲ್ಲ. ಸುಮ್ಮನೆ ಹಲ್ಲು ಕಿರಿದು ನಗುತ್ತ ಕೂತೆ, ಕಣ್ಣಲ್ಲಿ ನೀರು ಬೇರೆ. ಹೊರಗೆ ಕಾಯುತ್ತಿದ್ದವರೆಲ್ಲ ಇಣುಕತೊಡಗಿದಾಗ ಡಾಕ್ಟರಮ್ಮ ಮೆಲ್ಲನೆ ನನ್ನ ಭುಜ ತಟ್ಟಿದರು: "ಚೇಚಿ, ಕೆಲಸ ಮುಗಿಯಿತು. ಇನ್ನು ಬಾಯಿ ಮುಚ್ಚಬಹುದು."

ಬಾಯಿ ಮುಚ್ಚು ಎಂದವರಿಗೆ ನಾನು ಕೈ ಮುಗಿದದ್ದು ಅದೇ ಮೊದಲು. ಮುಚ್ಚಲಿಲ್ಲ ಎಂಬುದು ಬೇರೆ ಮಾತು.